ಕುಬಸದ ಖರ್ಚಿನ ಮಾತು ಗಂಡಿನ ಮನೆಯಿಂದ ಬರಲಿ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ತಂದೆ-ತಾಯಂದಿರಿಗೆ, ಊರ ಹಿರಿಯರಿಗೆ, ಮುಖ್ಯವಾಗಿ ಮನೆಗೆ ಸೊಸೆಯನ್ನು ತಂದುಕೊಂಡವರಿಗೆ ಕೈಮುಗಿದು ಮಾಡುತ್ತಿರುವ ಮನವಿ ಇದು.

ಮಕ್ಕಳನ್ನು ಸಾಕುವುದು ತುಟ್ಟಿಯಾಗಿದೆ ಎಂದು ನಾವೆಲ್ಲ ಹೇಳುತ್ತೇವೆ. ಹಾಲು, ಔಷಧ, ಸಾಲಿ ಫೀ ಎಲ್ಲದರ ಲೆಕ್ಕವೂ ನಮ್ಮ ಬಾಯಲ್ಲೇ ಇದೆ. ಎರಡು ಸಾಕು ಎನ್ನುತ್ತಿದ್ದ ಮನೆಗಳಲ್ಲಿ ಈಗ ಒಂದೇ ಸಾಕು ಎನ್ನುವ ಮಾತು ಕೇಳುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಇಷ್ಟೆಲ್ಲ ಮಾತಾಡುವ ನಾವು ಒಂದು ಖರ್ಚಿನ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ನಮ್ಮ ಭಾಗದಲ್ಲಿ ಮಗು ಕಣ್ಣು ಬಿಡುವ ಮೊದಲೇ ಒಂದು ಮನೆ ಸಾಲಕ್ಕೆ ಬಿದ್ದಿರುತ್ತದೆ. ಆ ಮನೆ ಹೆಣ್ಣಿನ ತವರುಮನೆ.

ಚೊಚ್ಚಲ ಹೆರಿಗೆ ತವರಿನದು ಎಂಬುದು ನಮ್ಮ ಪದ್ಧತಿ. ಮೂರನೆಯ ತಿಂಗಳಲ್ಲಿ ನಾಲ್ಕು ಮಂದಿ ಹೆಂಗಸರ ನಡುವೆ ಕಳ್ಳಕುಬಸ, ಐದಕ್ಕೋ ಏಳಕ್ಕೋ ದೊಡ್ಡ ಕುಬಸ. ಹಸಿರು ಸೀರೆ, ಹಸಿರು ಬಳೆ, ತಲೆತುಂಬ ದಂಡೆ, ಬುತ್ತಿಯಲ್ಲಿ ಹೋಳಿಗೆ, ಕರ್ಚಿಕಾಯಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಬಸುರಿಯ ಬಯಕೆ ತೀರಲಿ, ಹೊಲದ ಕೆಲಸದಿಂದ ಅವಳಿಗೆ ಒಂದಷ್ಟು ಬಿಡುವು ಸಿಗಲಿ, ಅವ್ವನ ಕೈಯ ಊಟ ಉಣ್ಣಲಿ ಎಂದು ಹುಟ್ಟಿದ ಆಚರಣೆ. ಇದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಇಷ್ಟು ಚೆಂದದ ಕಾರ್ಯ ನಮ್ಮಲ್ಲಿದೆ ಎನ್ನುವುದು ನನಗೆ ಹೆಮ್ಮೆಯ ವಿಷಯ.

ಆದರೆ ಕಳೆದ ಕೆಲವು ವರ್ಷಗಳಲ್ಲಿ ಕುಬಸ ಹೇಗೆ ಬೆಳೆಯಿತು ನೋಡಿ. ಮನೆಯ ಪಡಸಾಲೆಯಲ್ಲಿ ಆಗುತ್ತಿದ್ದದ್ದು ಅಂಗಳದ ಪೆಂಡಾಲಿಗೆ ಬಂತು, ಅಲ್ಲಿಂದ ಕಲ್ಯಾಣಮಂಟಪಕ್ಕೆ ಹೋಯಿತು. ಫ್ಲೆಕ್ಸ್, ಸ್ಟೇಜು, ವಿಡಿಯೊ, ಡ್ರೋನ್, ಬಂದ ಹೆಂಗಸರಿಗೆಲ್ಲ ಕುಬಸದ ಕಣ, ಬೀಗರ ಕಡೆಯ ಹಿರಿಯರಿಗೆ ಆಯೇರ. ಒಂದು ಮದುವೆ ಮಾಡಿ ಇನ್ನೂ ಸಾಲ ಹರಿಯದ ಮನೆಯ ಮೇಲೆ ಎರಡನೆಯ ಮದುವೆಯಷ್ಟೇ ಭಾರ.

ಸುಮ್ಮನೆ ಲೆಕ್ಕಕ್ಕಾಗಿ, ಮುನ್ನೂರು ಮಂದಿಯ ಊಟ, ಪೆಂಡಾಲು, ಮಗಳಿಗೆ ಸೀರೆ, ಅಳಿಯನಿಗೆ ಬಟ್ಟೆ, ಆಯೇರ, ವಿಡಿಯೊ ಎಲ್ಲ ಸೇರಿ ಒಂದು ಲಕ್ಷ ರೂಪಾಯಿ ಎಂದು ಹಿಡಿಯೋಣ. 2024-25ರಲ್ಲಿ ಕೇಂದ್ರ ಸರ್ಕಾರ ಹೆಸರಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,682 ರೂಪಾಯಿ. ಆ ದರ ಪೂರ್ತಿ ಸಿಕ್ಕಿತು ಎಂದೇ ಇಟ್ಟುಕೊಂಡರೂ ಲಕ್ಷ ರೂಪಾಯಿಗೆ ಹನ್ನೊಂದೂವರೆ ಕ್ವಿಂಟಲ್ ಹೆಸರು ಬೇಕು. ನಮ್ಮ ಎರಿಭೂಮಿಯಲ್ಲಿ ಮಳೆ ನಂಬಿ ಬಿತ್ತಿ ಎಕರೆಗೆ ಎರಡೂವರೆ ಕ್ವಿಂಟಲ್ ಕೈಗೆ ಬಂದರೆ, ನಾಲ್ಕೂವರೆ ಎಕರೆಯ ಇಡೀ ಮುಂಗಾರು ಫಸಲು ಒಂದು ಮಧ್ಯಾಹ್ನದ ಊಟಕ್ಕೆ ಹೋಯಿತು. ಬೀಜ, ಗೊಬ್ಬರ, ಎಣ್ಣೆ ಹೊಡೆದದ್ದು, ರಾಶಿಯ ಮಷಿನ್ ಬಾಡಿಗೆ ಇನ್ನೂ ಕಳೆದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಕಾಯಿ ಗಿಡದಲ್ಲೇ ಮೊಳಕೆ ಬಂದರೆ ಈ ಲೆಕ್ಕವೂ ಉಳಿಯುವುದಿಲ್ಲ. ಗಜೇಂದ್ರಗಡದ ನೇಕಾರರ ಮನೆಯವರು ಇದೇ ಲಕ್ಷವನ್ನು ಸೀರೆಯ ಮಜೂರಿಯಲ್ಲಿ ಎಣಿಸಿ ನೋಡಲಿ. ಗೋವಾ, ಮಂಗಳೂರು ಕಡೆ ದುಡಿಯಲು ಹೋದವರು ದಿನಗೂಲಿಯಲ್ಲಿ ಎಣಿಸಿ ನೋಡಲಿ.

ಇದು ಹೆರಿಗೆಗೆ ಮೊದಲಿನ ಮಾತು. ಮುಂದೆ ಆಸ್ಪತ್ರೆಯ ಬಿಲ್ಲು, ತಿಂಗಳುಗಟ್ಟಲೆ ಬಾಣಂತನ, ತೊಟ್ಟಿಲ ಕಾರ್ಯ, ಮಗಳು-ಮೊಮ್ಮಗುವನ್ನು ಕಳಿಸಿಕೊಡುವಾಗ ತೊಟ್ಟಿಲು, ಹಾಸಿಗೆ, ಉಡದಾರ, ಬಿಂದಲಿ, ಕಾಲ್ಗಡಗ. ವರ್ಷ ತುಂಬುವಷ್ಟರಲ್ಲಿ ಜವಳ.

ಇದನ್ನು ಕಡಿಮೆ ಮಾಡಬಾರದೇ ಎಂದು ಹೆಣ್ಣಿನ ತಂದೆಯನ್ನು ಕೇಳಬೇಡಿ. ಅವನ ಕೈಯಲ್ಲಿ ಅದು ಇಲ್ಲ. "ಈ ಸಲ ಮನ್ಯಾಗ ಸಣ್ಣದಾಗಿ ಮಾಡೂಣು" ಎಂದು ಅವನು ಅಂದರೆ ಸಾಕು, ಆ ಮಾತಿನ ಬೆಲೆಯನ್ನು ಅವನ ಮಗಳು ಗಂಡನ ಮನೆಯ ಅಡುಗೆಮನೆಯಲ್ಲಿ ತೆರುತ್ತಾಳೆ. "ನಮ್ಮ ಮೈದುನನ ಹೇಂತಿಗೆ ಅವರ ತೌರಿನವರು ಹೆಂಗ ಮಾಡಿದ್ರು, ನಿಮ್ಮವರು ನೋಡ್ರಿ" ಎಂಬ ಒಂದು ಮಾತು ವರ್ಷಗಟ್ಟಲೆ ಕಿವಿಯಲ್ಲಿ ಉಳಿಯುತ್ತದೆ. ಅದು ಬರಬಾರದೆಂದೇ ತಾಯಿ ಸಂಘಕ್ಕೆ ಹೋಗಿ ಸಹಿ ಹಾಕುತ್ತಾಳೆ, ತಂದೆ ಅಡತಿ ಅಂಗಡಿಯಲ್ಲಿ ಮುಂಗಡ ಕೇಳುತ್ತಾನೆ. ಇದಕ್ಕಾಗಿಯೇ ನನ್ನ ಮನವಿ ಗಂಡಿನ ಕಡೆಯವರಿಗೆ. ಖರ್ಚು ಕಡಿಮೆ ಮಾಡುವ ಮಾತು, ಆಡಿದರೆ ಮರ್ಯಾದೆ ಹೋಗದಂಥವರ ಬಾಯಿಂದಲೇ ಮೊದಲು ಬರಬೇಕು.

ಸಂಘದ ಸಾಲದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಒಂದು ಫೈನಾನ್ಸಿನ ಕಂತು ಕಟ್ಟಲು ಇನ್ನೊಂದು ಫೈನಾನ್ಸಿನಲ್ಲಿ ಸಾಲ ಎತ್ತಿದ ಮನೆಗಳು ನಮ್ಮ ಪ್ರತಿ ಊರಲ್ಲೂ ಇವೆ. ಕಿರುಸಾಲ ಕೊಡುವಾಗ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಕೂಡದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ವಸೂಲಿಯ ಹೆಸರಿನಲ್ಲಿ ನಡೆಯುವ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಸಾಲ ಕೊಡಲು ಬಂದವರಿಗೆ ಮೊದಲ ನಿಯಮ ನೆನಪಿಸಿ, ವಸೂಲಿಗೆ ಬಂದು ಬೆದರಿಸಿದವರಿಗೆ ಎರಡನೆಯದನ್ನು ನೆನಪಿಸಿ. ಸಂಘದ ಅಕ್ಕಂದಿರೇ, ನಿಮ್ಮ ಗುಂಪಿನ ಒಬ್ಬಳು ಎಮ್ಮೆ ಕೊಳ್ಳಲೋ ಹೊಲಿಗೆ ಮಷಿನ್ ಕೊಳ್ಳಲೋ ಸಾಲ ಕೇಳಿದರೆ ಜಾಮೀನು ನಿಲ್ಲಿ. ಕುಬಸಕ್ಕೆ ಕೇಳಿದರೆ, ಅವಳ ಬೀಗರ ಮನೆಗೆ ನೀವು ನಾಲ್ಕು ಮಂದಿ ಹೋಗಿ ಮಾತಾಡಿ ಬನ್ನಿ.

ಇನ್ನು ನಿಜವಾಗಿ ದುಡ್ಡು ಬೇಕಾಗುವುದು ಎಲ್ಲಿಗೆ? ಬಾಣಂತಿಯ ತಾಟಿಗೆ. ಅಂಟಿನುಂಡಿ ಕಟ್ಟುವುದನ್ನು ನೋಡಿದವರಿಗೆ ಗೊತ್ತು: ಅಂಟನ್ನು ತುಪ್ಪದಲ್ಲಿ ಅರಳುವ ತನಕ ಹುರಿಯಬೇಕು, ಉತ್ತತ್ತಿಯ ಬೀಜ ತೆಗೆದು ಕುಟ್ಟಬೇಕು, ಒಣಕೊಬ್ಬರಿ ತುರಿದು ಕೆಂಪಗಾಗಿಸಬೇಕು, ಗಸಗಸೆ, ಗೋಡಂಬಿ, ಬೆಲ್ಲದ ಪಾಕ. ಒಂದು ಡಬ್ಬಿ ತುಂಬುವಷ್ಟರಲ್ಲಿ ಸಾವಿರಾರು ರೂಪಾಯಿ ಆಗುತ್ತದೆ, ಆಗಲಿ. ಇದು ತಾಯಿಯ ಮೈಗೆ ಹೋಗುವ ದುಡ್ಡು. ಆದರೆ ಅನೇಕ ಮನೆಗಳಲ್ಲಿ ಕುಬಸಕ್ಕೆ ಸಾಲ ಮಾಡಿದ ಮೇಲೆ ಕೈ ಬಿಗಿ ಹಿಡಿಯುವುದು ಇಲ್ಲಿಯೇ. ಉಂಡಿಯಲ್ಲಿ ಗೋಡಂಬಿ ಹೋಗಿ ಶೇಂಗಾ ಬರುತ್ತದೆ, ಮೂರು ತಿಂಗಳ ಡಬ್ಬಿ ಮೂರು ವಾರಕ್ಕೆ ಮುಗಿಯುತ್ತದೆ. ಮೊದಲು ಹೇಳಿದ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮೂರರಲ್ಲೊಂದು ಮಗು! ಮುನ್ನೂರು ಮಂದಿಗೆ ಹೋಳಿಗೆ ಬಡಿಸುವ ನಾಡಿನಲ್ಲಿ ಈ ಅಂಕಿ ನನ್ನ ನಿದ್ದೆಗೆಡಿಸುತ್ತದೆ.

ಹೆರಿಗೆಗೆ ಎಲ್ಲಿ ಹೋಗಬೇಕು ಎಂಬುದೂ ಈಗ ಪ್ರತಿಷ್ಠೆಯ ಪ್ರಶ್ನೆ ಆಗಿದೆ. "ಪ್ರೈವೇಟಿಗೆ ತೋರಿಸ್ರಿ" ಎಂದು ಬೀಗರು ಅನ್ನುತ್ತಾರೆ, ಬಿಲ್ಲು ಮಾತ್ರ ತವರಿನವರದು. ರೋಣ, ನರಗುಂದದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಕಷ್ಟದ ಹೆರಿಗೆಯಾದರೆ ಗದಗಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇದೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ ಸಹ, ಪೂರ್ತಿ ಉಚಿತ. ಔಷಧ, ರಕ್ತ, ತಪಾಸಣೆ, ತಾಯಿಯ ಊಟ, ಕರೆತರುವ ಆಂಬುಲೆನ್ಸ್, ಮನೆಗೆ ಬಿಡುವ ನಗು-ಮಗು ವಾಹನ, ವರ್ಷ ತುಂಬುವ ತನಕ ಕೂಸಿಗೆ ಕಾಯಿಲೆ ಬಂದರೆ ಅದರ ಚಿಕಿತ್ಸೆ, ಯಾವುದಕ್ಕೂ ದುಡ್ಡಿಲ್ಲ. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಬಡ ಕುಟುಂಬದ ತಾಯಿಗೆ ಹಳ್ಳಿಯಲ್ಲಿ ಜನನಿ ಸುರಕ್ಷಾದ 700 ರೂಪಾಯಿ ಬೇರೆ. ತಾಯಿ ಕಾರ್ಡನ್ನು ಆಶಾ ಕಾರ್ಯಕರ್ತೆಯಿಂದ ಬೇಗ ಮಾಡಿಸಿಕೊಳ್ಳಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬಸುರಿ ಇದ್ದಾಗಲೇ ನೋಡಿಕೊಳ್ಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುವುದಿಲ್ಲ. ಕೂಸಿನ ಮುಖ ತೋರಿಸಲೂ ಕೈ ಒಡ್ಡುತ್ತಾರೆ ಎಂಬ ದೂರು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ವೈದ್ಯರ ಹುದ್ದೆ ಖಾಲಿ ಬಿದ್ದರೆ ತಿಂಗಳುಗಟ್ಟಲೆ ತುಂಬುವುದಿಲ್ಲ. ಆದರೆ ಮಾತಾಡಬಲ್ಲವರೆಲ್ಲ ಖಾಸಗಿಗೆ ಹೋದರೆ ಅಲ್ಲಿ ಉಳಿದ ಬಡವರ ಪರ ದನಿ ಎತ್ತುವವರು ಯಾರು? ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈನಲ್ಲಿ ಎದ್ದು ನಿಂತ ಊರು ನರಗುಂದ. ಮಹದಾಯಿ ನೀರಿಗಾಗಿ 2015ರಿಂದ ಧರಣಿ ಕೂತದ್ದೂ ಅದೇ ನರಗುಂದದಲ್ಲಿ. ಹೆರಿಗೆ ವಾರ್ಡಿನ ಒಂದು ಖಾಲಿ ಹುದ್ದೆಗಾಗಿ, ಅಂಗನವಾಡಿಗೆ ಬಾರದ ಮೊಟ್ಟೆಗಾಗಿ ನಾವು ಅಷ್ಟೇ ಗಟ್ಟಿಯಾಗಿ ಕೇಳಬಲ್ಲೆವು. ಖಾಸಗಿಗೇ ಹೋಗುವುದಾದರೂ, ಸಾಮಾನ್ಯ ಹೆರಿಗೆಯೂ ಆಗಬಲ್ಲದು ಎಂಬುದನ್ನು ಮರೆಯಬೇಡಿ: ರಾಜ್ಯದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಸೇರಿಯನ್ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಬೇಕಾದಾಗ ಸಿಸೇರಿಯನ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಯಾಕೆ ಬೇಕು ಎಂದು ವೈದ್ಯರನ್ನು ಕೇಳುವ ಹಕ್ಕು ಮಾತ್ರ ನಿಮ್ಮದು.

ಸಾಲಿಯ ವಿಷಯ ಬಹಳ ಚರ್ಚೆಯಾಗಿದೆ, ಹೆಚ್ಚು ಎಳೆಯುವುದಿಲ್ಲ. ಮೂರು ವರ್ಷದ ಕೂಸಿಗೆ ಟೈ ಕಟ್ಟಿ ಹಳದಿ ವ್ಯಾನಿನಲ್ಲಿ ಪೇಟೆಗೆ ಕಳಿಸುವ ಮೊದಲು ನಿಮ್ಮ ಊರ ಸರ್ಕಾರಿ ಶಾಲೆಯ ಒಳಗೆ ಒಮ್ಮೆ ಹೋಗಿ ಬನ್ನಿ. ಪುಸ್ತಕ, ಸಮವಸ್ತ್ರ, ಶೂ, ಹಾಲು, ಬಿಸಿಯೂಟ, ಮೊಟ್ಟೆ ಅಲ್ಲಿವೆ. ಶಿಕ್ಷಕರು ಸಾಲದಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಇಲ್ಲೂ ಮೊದಲ ಹೆಜ್ಜೆ ಬಡವನದಾಗಲಾರದು. ಪಂಚಾಯಿತಿ ಸದಸ್ಯರೇ, ಶಿಕ್ಷಕರೇ, ಅಂಗಡಿಕಾರರೇ, ನಿಮ್ಮ ಮಗು ಆ ಶಾಲೆಯ ಬೆಂಚಿನಲ್ಲಿ ಕೂತರೆ ಮಾತ್ರ ಕೂಲಿಯವನಿಗೆ ಅಲ್ಲಿ ತನ್ನ ಮಗುವನ್ನು ಕೂರಿಸಲು ಧೈರ್ಯ ಬರುತ್ತದೆ.

ಉಳ್ಳವರು ಮುಂದೆ ನಿಂತು ದಾರಿ ತೋರಿದ ಚರಿತ್ರೆ ನಮ್ಮ ಜಿಲ್ಲೆಯಲ್ಲೇ ಇದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ಗೌಡರು. ಸಾಹುಕಾರನ ಬಡ್ಡಿಯ ಕೆಳಗೆ ಸಿಕ್ಕಿದ್ದವನು ಸಣ್ಣ ರೈತ, ಅವನ ಪರವಾಗಿ ಮುಂದೆ ಬಂದವರು ಗೌಡರು. ಹೆಣ್ಣುಮಕ್ಕಳ ಲೆಕ್ಕಾಚಾರವನ್ನೂ ಕಡಿಮೆ ಎಣಿಸಬೇಡಿ. ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರವನ್ನು ಕೂಡಿಟ್ಟು ಗಜೇಂದ್ರಗಡದಲ್ಲಿ ಅತ್ತೆ-ಸೊಸೆ ಸೇರಿ ಬೋರ್‌ವೆಲ್ ಕೊರೆಸಿದ್ದು 2024ರಲ್ಲಿ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಅತ್ತೆ-ಸೊಸೆ ಒಂದು ಮಾತಿನ ಮೇಲೆ ನಿಂತರೆ ಏನಾಗುತ್ತದೆ ಎಂದು ಅವರು ತೋರಿಸಿದ್ದಾರೆ.

ಹಾಗೆ ಕೂಡಿಡುವುದಕ್ಕೆ ದಾರಿಯೂ ಇದೆ. ಹೆಣ್ಣು ಕೂಸು ಹುಟ್ಟಿದರೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ, ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ. ತಿಂಗಳಿಗೆ ಸಾವಿರದಂತೆ ಹದಿನೈದು ವರ್ಷ ಕಟ್ಟಿದರೆ ನೀವು ಕಟ್ಟಿದ್ದು 1.80 ಲಕ್ಷ. ಶೇಕಡಾ 8.2ರ ಬಡ್ಡಿ ಹೀಗೇ ಮುಂದುವರಿದರೆ ಇಪ್ಪತ್ತೊಂದನೆಯ ವರ್ಷಕ್ಕೆ ಕೈಗೆ ಬರುವುದು ಐದು ಲಕ್ಷಕ್ಕಿಂತ ಹೆಚ್ಚು. ಕುಬಸಕ್ಕೆ ಬರುವವರು ಸೀರೆ-ಕಣದ ಬದಲು ಇನ್ನೂರು ರೂಪಾಯಿ ಮುಯ್ಯಿ ಮಾಡಲಿ, ಅದು ಕೂಸಿನ ಖಾತೆಗೆ ಹೋಗಲಿ.

ಮಠಾಧೀಶರಲ್ಲಿ, ಜಮಾತಿನ ಹಿರಿಯರಲ್ಲಿ, ಸಮಾಜದ ಸಂಘಗಳವರಲ್ಲೂ ಒಂದು ಬೇಡಿಕೆ. ಸಾಮೂಹಿಕ ವಿವಾಹಗಳಿಂದ ಎಷ್ಟೋ ಮನೆಗಳನ್ನು ನೀವು ಉಳಿಸಿದ್ದೀರಿ. ಆ ಜೋಡಿಗಳ ಕುಬಸ, ತೊಟ್ಟಿಲಿನ ಮೇಲೂ ನಿಮ್ಮ ಮಾತು ನಡೆಯುತ್ತದೆ. ಜಾತ್ರೆಯಲ್ಲಿ, ಉರುಸಿನಲ್ಲಿ, ಶ್ರಾವಣದ ಪುರಾಣದಲ್ಲಿ ಒಂದು ದಿನ ಊರ ಬಸುರಿಯರಿಗೆಲ್ಲ ಒಟ್ಟಿಗೆ ಉಡಿ ತುಂಬಿಸಿ. ಅಂಗನವಾಡಿಗಳು ಸಾಮೂಹಿಕ ಸೀಮಂತ ಮಾಡುತ್ತಲೇ ಇವೆ, ಅದಕ್ಕೆ ನಿಮ್ಮ ಹೆಸರಿನ ಗೌರವ ಸೇರಲಿ. ಉಳ್ಳವರ ಮನೆಯ ಸೊಸೆಯೂ ಅದೇ ಸಾಲಿನಲ್ಲಿ ಕೂರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಅದು ಬಡವರ ಕಾರ್ಯವಾಗಿಯೇ ಉಳಿಯುತ್ತದೆ.

ಬೀಗರೇ, ಮತ್ತೆ ನಿಮ್ಮ ಹತ್ತಿರವೇ ಬರುತ್ತೇನೆ. ಕುಬಸದ ದಿನ ಗೊತ್ತು ಮಾಡಲು ಸೊಸೆಯ ತಂದೆ ನಿಮ್ಮ ಮನೆಗೆ ಬಂದಾಗ, ಅವರು ಬಾಯಿ ತೆರೆಯುವ ಮೊದಲೇ ಹೇಳಿ: "ನಾವು ಹತ್ತು ಮಂದಿ ಬರ್ತೀವ್ರಿ, ಮನ್ಯಾಗ ಮಾಡ್ರಿ. ಆಯೇರ ಬ್ಯಾಡ. ದವಾಖಾನಿ ಖರ್ಚಿನ್ಯಾಗ ಅರ್ಧ ನಮ್ಮದು, ಕೂಸು ನಮ್ಮದೂ ಐತಿ." ಸೊಸೆ ಒಳಗಿನಿಂದ ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ ಹೇಳಿ.