ಕೊಪ್ಪಳ ವಿವಿ: ಎಕರೆ ಲೆಕ್ಕ ಸಿಕ್ತು, ವಿದ್ಯಾರ್ಥಿಗಳ ಲೆಕ್ಕ ಎಲ್ಲಿ?

2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವತ್ತ ಒಲವು ತೋರಿತು. ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಹಣ ಇಲ್ಲ, ಜಮೀನು ಇಲ್ಲ, ಸಿಬ್ಬಂದಿ ಇಲ್ಲ ಅನ್ನೋದು ಕೊಟ್ಟ ಕಾರಣ. ಇದರ ಜೊತೆಗೇ ಹುಟ್ಟಿದ ಬೀದರ್ ವಿವಿಗೆ ವಿನಾಯಿತಿ ಸಿಕ್ಕಿತು, ಯಾಕಂದ್ರೆ ಅದರ ಕೆಳಗೆ ಕಾಲೇಜುಗಳು ಜಾಸ್ತಿ.

ಮುಚ್ಚಿ ಅಂದವರೂ ಉಳಿಸಿ ಅಂದವರೂ ಎಣಿಸಿದ್ದು ಹೆಚ್ಚಾಗಿ ಕೋಟಿ, ಎಕರೆ, ಕಾಲೇಜುಗಳನ್ನೇ. ಕೇಳಬೇಕಿದ್ದ ಪ್ರಶ್ನೆಗಳು ಬೇರೆ: ಯಾರು ಸೇರಿದರು? ಮನೆಯವರಿಗೆ ಎಷ್ಟು ಖರ್ಚಾಯ್ತು? ಓದಿದ ಮೇಲೆ ಏನಾಯ್ತು?

ಯಾರು ಸೇರಿದರು?

2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಉನ್ನತ ಶಿಕ್ಷಣದ ದಾಖಲಾತಿ ಅನುಪಾತ 36.2, ದೇಶದ್ದು 28.4. ಕೇಳೋಕೆ ಚೆನ್ನಾಗಿದೆ. ಆದರೆ ಬೆಂಗಳೂರನ್ನೂ ಯಲಬುರ್ಗಾವನ್ನೂ ಕೂಡಿಸಿ ತೆಗೆದ ಸರಾಸರಿ ಅದು. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇ 68ರ ಆಸುಪಾಸು, ಮಹಿಳೆಯರದ್ದು ಶೇ 60ಕ್ಕಿಂತ ಕಡಿಮೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಯಲಬುರ್ಗಾ, ಕುಷ್ಟಗಿಯನ್ನು 'ಅತ್ಯಂತ ಹಿಂದುಳಿದ' ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು.

ಇಲ್ಲೊಂದು ಸಿಕ್ಕು ಇದೆ. ಕಾಲೇಜುಗಳಿಗೆ ಸಂಯೋಜನೆ ಕೊಡುವ ವಿವಿಗಳಿಗೆ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ ದೊಡ್ಡ ಆದಾಯ. ಹಿಂದುಳಿದ ಜಿಲ್ಲೆಯಲ್ಲಿ ಓದುವವರು ಕಡಿಮೆ, ಹಾಗಾಗಿ ಕಾಲೇಜು ಕಡಿಮೆ, ಹಾಗಾಗಿ ಆದಾಯವೂ ಕಡಿಮೆ. ಕೊನೆಗೆ 'ಆದಾಯವಿಲ್ಲ, ಮುಚ್ಚಿ' ಅನ್ನೋ ತೀರ್ಪು. ಯಾವ ಕೊರತೆ ನೀಗಿಸಲು ವಿವಿ ಬೇಕಿತ್ತೋ, ಅದೇ ಕೊರತೆ ಅದನ್ನು ಮುಚ್ಚಲು ಕಾರಣವಾಗ್ತಿದೆ.

ಖರ್ಚು ಅಂದ್ರೆ ಬರೀ ಫೀ ಅಲ್ಲ

ಈ ಭಾಗದ ಕಾಲೇಜುಗಳು ಮೊದಲು ಗುಲಬರ್ಗಾ ವಿವಿಯಲ್ಲಿದ್ದವು, 2010ರಿಂದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿವಿಗೆ ಬಂದವು. ಕುಷ್ಟಗಿಯ ಹುಡುಗಿ ಎಂ.ಎ.ಗೆ ಬಳ್ಳಾರಿಗೆ ಹೋಗಬೇಕಂದ್ರೆ ಹೊಸಪೇಟೆ ದಾಟಿ ನೂರು ಕಿಲೋಮೀಟರ್‌ಗೂ ಮೀರಿದ ದಾರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜ್ ಉಳೀತು, ನಿಜ. ಆದರೆ ದಿನಾ ಹೋಗಿ ಬರುವ ದೂರ ಅದಲ್ಲ. ಹಾಸ್ಟೆಲ್ ಸಿಗದಿದ್ದರೆ ರೂಮ್ ಬಾಡಿಗೆ, ಊಟ. ಜೊತೆಗೆ 'ಅಷ್ಟು ದೂರ ಯಾಕೆ, ಸಾಕು' ಅನ್ನೋ ಮನೆಯ ತೀರ್ಮಾನ. ಅದು ಯಾವ ಬಜೆಟ್ ಪುಸ್ತಕದಲ್ಲೂ ಬರಲ್ಲ.

ಫಲಿತಾಂಶದ ಛೇದ

ಇನ್ನು ಫಲಿತಾಂಶ. ಒಂದು ಉದಾಹರಣೆ ಲೆಕ್ಕ ಹಾಕೋಣ. 100 ಜನ ಪದವಿಗೆ ಸೇರಿದರು. ಕೊನೇ ಸೆಮಿಸ್ಟರ್ ಪರೀಕ್ಷೆ ಬರೆದವರು 60, ಪಾಸಾದವರು 48. ಬ್ಯಾನರ್ ಮೇಲೆ 'ಶೇ 80 ಫಲಿತಾಂಶ' ಅಂತ ಬರುತ್ತೆ. ಸೇರಿದವರ ಲೆಕ್ಕದಲ್ಲಿ ಅದು ಶೇ 48. ನಡುವೆ ಕಾಣೆಯಾದ 40 ಜನ ಮದುವೆಯಾದರೋ, ದುಡಿಯೋಕೆ ಗುಳೆ ಹೋದರೋ? ಛೇದದಿಂದಲೇ ಅವರನ್ನು ಕೈಬಿಟ್ಟರೆ ಯಾರೂ ಉತ್ತರ ಕೊಡಬೇಕಿಲ್ಲ.

ಈ ಲೆಕ್ಕ ತೆಗೆಯೋದು ಕಷ್ಟವೂ ಅಲ್ಲ. ಪ್ರವೇಶದಿಂದ ಪರೀಕ್ಷೆವರೆಗಿನ ದಾಖಲೆ ರಾಜ್ಯದ ಯುಯುಸಿಎಂಎಸ್ ತಂತ್ರಾಂಶದಲ್ಲಿದೆ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರು ಯುವನಿಧಿಯ 3,000 ರೂಪಾಯಿಗೆ ಸರ್ಕಾರದ ಬಳಿಯೇ ಹೆಸರು ನೋಂದಾಯಿಸುತ್ತಾರೆ. ಎಲ್ಲರೂ ಅರ್ಜಿ ಹಾಕಲ್ಲ ಅನ್ನೋ ಮಿತಿ ಇದ್ದೇ ಇದೆ. ಆದರೂ ಎರಡನ್ನೂ ಹೆಸರು ತೆಗೆದು ಜೋಡಿಸಿದರೆ ಯಾವ ತಾಲ್ಲೂಕಿನವರು, ಯಾವ ಕೋರ್ಸ್‌ನವರು ಎಲ್ಲಿ ನಿಂತರು ಅನ್ನೋದರ ಅಂದಾಜು ಸಿಗುತ್ತೆ.

ಕೊಪ್ಪಳ ವಿವಿಯನ್ನು ಕಣ್ಣುಮುಚ್ಚಿ ಸಮರ್ಥಿಸಬೇಕಿಲ್ಲ. ಕಾಯಂ ಅಧ್ಯಾಪಕರಿಲ್ಲದೆ ಬರೀ ಬೋರ್ಡ್ ಹಾಕೋದು ವಿದ್ಯಾರ್ಥಿಗಳಿಗೆ ಮಾಡೋ ಮೋಸವೇ. ಜಮೀನಿನ, ಹುದ್ದೆಗಳ ತಯಾರಿಯಿಲ್ಲದೆ ವಿವಿ ಘೋಷಿಸಿದ ಹಿಂದಿನ ಸರ್ಕಾರಕ್ಕೂ ಈ ಪ್ರಶ್ನೆ ಸಲ್ಲುತ್ತೆ. ಆದರೆ 371(ಜೆ) ವಿಶೇಷ ಸ್ಥಾನಮಾನ ಇರುವ ಜಿಲ್ಲೆಯಲ್ಲಿ ಲಾಭ-ನಷ್ಟವೊಂದೇ ಮಾನದಂಡ ಆಗಬಾರದು.

ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಇಂಥ ಮಾಹಿತಿಯನ್ನು ಸಾರ್ವಜನಿಕ ಸಂಸ್ಥೆಗಳು ತಾವಾಗಿಯೇ ಪ್ರಕಟಿಸಬೇಕು. ಗಂಗಾವತಿ, ಕನಕಗಿರಿ, ಕುಷ್ಟಗಿಯ ವಿದ್ಯಾರ್ಥಿ ಸಂಘಟನೆಗಳು ಮನವಿಪತ್ರದಲ್ಲಿ 'ವಿವಿ ಉಳಿಸಿ' ಅನ್ನೋದರ ಜೊತೆ ಇನ್ನೊಂದು ಸಾಲು ಸೇರಿಸಲಿ: ಸೇರಿದವರೆಷ್ಟು, ಮುಗಿಸಿದವರೆಷ್ಟು, ಕೆಲಸ ಸಿಕ್ಕವರೆಷ್ಟು, ತಾಲ್ಲೂಕುವಾರು ಕೊಡಿ. ಮುಚ್ಚೋದೋ ಉಳಿಸೋದೋ ಅನ್ನೋ ಚರ್ಚೆ ಅದಾದ ಮೇಲೆ ನಡೀಲಿ.