ಬಾಲ್ಕನಿಯಲ್ಲಿ ಕೂತು ಬರೆದ ಚರಿತ್ರೆ

ಸಣ್ಣ ಊರಿನ ಟಾಕೀಸೊಂದು ಬಾಗಿಲು ಹಾಕಿತೆಂದರೆ ಸಾಕು, ಶ್ರದ್ಧಾಂಜಲಿ ಬರಹಗಳು ಸಾಲುಗಟ್ಟುತ್ತವೆ. ಎಲ್ಲದರಲ್ಲೂ ಅದೇ ಕಡಲೆಕಾಯಿ, ಅದೇ ಶಿಳ್ಳೆ, ತೆರೆಯತ್ತ ತೂರಿದ ಅದೇ ಚಿಲ್ಲರೆ ಕಾಸು. ಕೊನೆಗೊಂದು ಷರಾ: ಅಲ್ಲಿ ಜಾತಿ, ಅಂತಸ್ತು ಇರಲಿಲ್ಲ, ಎಲ್ಲರೂ ಒಂದೇ ಸೂರಿನಡಿ ಕೂರುತ್ತಿದ್ದರು. ನನ್ನ ತಕರಾರು ಈ ಕೊನೆಯ ಮಾತಿನ ಮೇಲೆ.

ಸೂರು ಒಂದೇ ಆಗಿತ್ತು, ನಿಜ. ಆದರೆ ಟೆಂಟಿನೊಳಗೆ ನೆಲ, ಬೆಂಚು, ಕುರ್ಚಿ ಎಂಬ ಮೂರು ಲೋಕಗಳಿದ್ದವು. ಕಾಯಂ ಕಟ್ಟಡ ಬಂದಾಗ ಅವೇ ಗಾಂಧಿ ಕ್ಲಾಸು, ಸೆಕೆಂಡ್ ಕ್ಲಾಸು, ಬಾಲ್ಕನಿಗಳಾದವು. ಟಿಕೆಟ್ಟಿನ ಕಿಂಡಿ ಬೇರೆ, ಬಾಗಿಲೂ ಬೇರೆ. ಎಷ್ಟೋ ಟೆಂಟುಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಜಾಗ, ನಡುವೆ ಮೋಟುಗೋಡೆ. ಅತಿ ಅಗ್ಗದ ಜಾಗಕ್ಕೇ ಗಾಂಧಿಯ ಹೆಸರು ಅಂಟಿಕೊಂಡ ವ್ಯಂಗ್ಯ ನಮ್ಮನ್ನು ಚುಚ್ಚಲೇ ಇಲ್ಲ.

ಹಾಗೆಂದು ನಾನು ಟಾಕೀಸನ್ನು ಹೀಗಳೆಯುತ್ತಿಲ್ಲ. ಸಿನಿಮಾ ಮಂದಿರದಲ್ಲಿ ಆಸನವನ್ನು ನಿರ್ಧರಿಸಿದ್ದು ಹುಟ್ಟಲ್ಲ, ಕೊಳ್ಳುವ ಶಕ್ತಿ ಎಂದು ಶ್ರೀಲಂಕಾದ ವಿದ್ವಾಂಸ ಕಾರ್ತಿಗೇಸು ಶಿವತಂಬಿ 1981ರಲ್ಲೇ ಗುರುತಿಸಿದ್ದರು. ತಮಿಳರ ಬಗ್ಗೆ ಅವರು ಹೇಳಿದ್ದು ನಮಗೂ ಸಲ್ಲುತ್ತದೆ. ಗುಡಿಯೊಳಗೆ, ಹೋಟೆಲಿನೊಳಗೆ ಬಿಟ್ಟುಕೊಳ್ಳದ ಊರಿನಲ್ಲಿ ಕಾಸು ಕೊಟ್ಟರೆ ಒಳಗೆ ಬಿಡುವ ಜಾಗವೊಂದು ಇದ್ದದ್ದು ಸಣ್ಣ ಸಂಗತಿಯಲ್ಲ. ಆದರೆ ಅದು ಸಮಾನತೆಯ ಕಡೆಗೆ ತೆರೆದ ಕಿಂಡಿ ಮಾತ್ರ. ಆ ಕಿಂಡಿಯನ್ನೇ ಹೆಬ್ಬಾಗಿಲೆಂದು ಬಣ್ಣಿಸಿದರೆ, ಅದರಲ್ಲಿ ಮೈ ತೂರಿಸಿಕೊಂಡು ಒಳಬಂದವರಿಗೆ ಅನ್ಯಾಯ ಮಾಡಿದಂತೆ.

ಒಟಿಟಿ ಬಂದು ಟಾಕೀಸು ಸತ್ತಿತು ಎನ್ನುವುದೂ ಅರ್ಧಸತ್ಯ. ಟೀವಿ, ವಿಡಿಯೊ ಕ್ಯಾಸೆಟ್ಟು ಮೊದಲು ಹೊಡೆದವು. ಆಮೇಲೆ ರೀಲಿನ ಡಬ್ಬ ಹೋಗಿ ಡಿಜಿಟಲ್ ಯಂತ್ರ ಬಂತು, ಅದರ ಖರ್ಚು ಹೊಸ ಹೊರೆಯಾಯಿತು. ಬಸ್‌ಸ್ಟ್ಯಾಂಡಿನ ಪಕ್ಕದ ಸೈಟಿನ ಬೆಲೆ ಮುಗಿಲಿಗೇರಿದಾಗ, ಸಿನಿಮಾಕ್ಕಿಂತ ಕಲ್ಯಾಣಮಂಟಪವೇ ಲಾಭವೆಂದು ಮಾಲೀಕರು ಲೆಕ್ಕ ಹಾಕಿದರು. ಟಾಕೀಸಿನ ಜಾಗಕ್ಕೆ ಬಂದ ಮಲ್ಟಿಪ್ಲೆಕ್ಸಿನಲ್ಲಿ ಗಾಂಧಿ ಕ್ಲಾಸೇ ಇಲ್ಲ. 2025ರಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು, ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಆ ಗದ್ದಲದಲ್ಲಿ ನಿರ್ಮಾಪಕರ ನಷ್ಟದ ಮಾತು ಬಂತು, ಮಾಲೀಕರ ಹಕ್ಕಿನ ಮಾತು ಬಂತು. ನಾಲ್ಕು ಜನರ ಕೂಲಿ ಕುಟುಂಬಕ್ಕೆ 800 ರೂಪಾಯಿಯೂ ದುಬಾರಿಯೇ ಎಂದು ಕೇಳಿದವರೆಷ್ಟು ಮಂದಿ?

ನಮ್ಮ ಸಿನಿಮಾ ಚರಿತ್ರೆ 1934ರ ‘ಸತಿ ಸುಲೋಚನ’ದಿಂದ ಶುರುವಾಗಿ ನಟರು, ನಿರ್ದೇಶಕರ ಹೆಸರುಗಳಲ್ಲೇ ಸಾಗುತ್ತದೆ. ನೋಡಿದವರು ಎಲ್ಲಿ? ಅವರ ಲೆಕ್ಕವೂ ಇದೆ. ಯಾವ ಆಟಕ್ಕೆ ಯಾವ ಕ್ಲಾಸಿನಲ್ಲಿ ಎಷ್ಟು ಟಿಕೆಟ್ ಹೋಯಿತೆಂದು ಟಾಕೀಸಿನವರು ದಿನದಿನ ಬರೆದಿಟ್ಟ ಡಿಸಿಆರ್ ಹಾಳೆಗಳು ಅದನ್ನು ಹೇಳುತ್ತವೆ. ಟಿಕೆಟ್ ಹರಿದವರು, ರೀಲು ಸುತ್ತಿದವರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಸಾಹಿತ್ಯ, ಇತಿಹಾಸ ಓದುವ ಗೆಳೆಯರು ಅವರ ಮನೆಬಾಗಿಲಿಗೆ ಹೋಗಬೇಕು. ಕಣ್ಣೀರು ಆಮೇಲೆ ಹಾಕೋಣ. ಮೊದಲು ಆ ಹಾಳೆಗಳು ಗುಜರಿ ಅಂಗಡಿಯ ತಕ್ಕಡಿಗೆ ಬೀಳದಂತೆ ನೋಡಿಕೊಳ್ಳೋಣ.