ದ್ವಿತೀಯ ಭಾಷೆಯಾಗಿ ಫ್ರೆಂಚ್: ಆಯ್ಕೆಯೋ ವಿನಿಮಯವೋ?

1981ರ ಗೋಕಾಕ್ ವರದಿ ಹಾಗೂ 1982ರ ಚಳವಳಿಯಿಂದೀಚೆಗೆ ಕರ್ನಾಟಕದ ಭಾಷಾಶಿಕ್ಷಣದ ಚರ್ಚೆಯು ಕನ್ನಡ–ಸಂಸ್ಕೃತ, ಕನ್ನಡ–ಇಂಗ್ಲಿಷ್, ಕನ್ನಡ–ಹಿಂದಿ ಎಂಬ ಜೋಡಿಗಳಲ್ಲಿಯೇ ಸುತ್ತಿದೆ. ಈ ಜೋಡಿಗಳ ಮರೆಯಲ್ಲಿ ಫ್ರೆಂಚ್ ಭಾಷೆಯು ಬೆಂಗಳೂರಿನ ಹಲವು ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳಲ್ಲಿ ಸದ್ದಿಲ್ಲದೆ ಸ್ಥಾನ ಪಡೆದಿರುವುದು ಕನ್ನಡ ಅಧ್ಯಾಪಕವರ್ಗದ ಗಮನಕ್ಕೆ ಅರ್ಹವಾದುದು.

2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಶಾಲೆಗಳಿಗೆ ಸಂಬಂಧಿಸಿದ್ದು. ಪದವಿಪೂರ್ವ ಹಂತದಲ್ಲಿ ಭಾಷೆಯ ಆಯ್ಕೆ ಮುಕ್ತವಾಗಿಯೇ ಉಳಿದಿದೆ. ಅಲ್ಲಿ ಎರಡು ಭಾಷೆಗಳಿಗೂ ತಲಾ 100 ಅಂಕಗಳು. ಇಂಗ್ಲಿಷಿನ ಜೊತೆಗೆ ಫ್ರೆಂಚನ್ನು ಆರಿಸಿಕೊಂಡ ವಿದ್ಯಾರ್ಥಿಗೆ ಕನ್ನಡ ತಾನಾಗಿಯೇ ತಪ್ಪಿಹೋಗುತ್ತದೆ. ಇಲ್ಲಿರುವ ನಿಜವಾದ ತೊಡಕು ಮಾಪನದ್ದು. ಹೊಸದಾಗಿ ಕಲಿಯುವವರ ಫ್ರೆಂಚ್ ಪರಿಚಯ, ವ್ಯಾಕರಣಗಳಿಂದ ಆರಂಭವಾಗಬೇಕಾದುದು ಸಹಜ. ಕನ್ನಡದ ವಿದ್ಯಾರ್ಥಿಯಾದರೋ ಹಳಗನ್ನಡ ಕಾವ್ಯ, ವಚನಗಳ ಅರ್ಥವಿವರಣೆಯಲ್ಲಿ ತೊಡಗಬೇಕು. ಯೂರೋಪಿನ ಮಂಡಳಿಯು 2001ರಲ್ಲಿ ಪ್ರಕಟಿಸಿದ ಚೌಕಟ್ಟು ಭಾಷಾಸಾಮರ್ಥ್ಯವನ್ನು ಆರು ಹಂತಗಳಾಗಿ ವಿಂಗಡಿಸಿದೆ. ನಮ್ಮ ಅಂಕಪಟ್ಟಿಯು ಇಂತಹ ಯಾವ ವಿಂಗಡಣೆಯನ್ನೂ ತೋರಿಸದೆ, ಮೊದಲ ಮೆಟ್ಟಿಲನ್ನೂ ಮೇಲಿನ ಮೆಟ್ಟಿಲನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಹೀಗಿರುವಾಗ ಭಾಷೆಯ ಆಯ್ಕೆಯು ಅಂಕಗಳ ಲೆಕ್ಕಾಚಾರವಾದರೆ ವಿದ್ಯಾರ್ಥಿಯನ್ನು ದೂಷಿಸಲಾಗದು.

ಇದೇ ಪ್ರಶ್ನೆಯನ್ನು ಅಜ್ಜಂಪುರ ತಾಲ್ಲೂಕಿನ ಶಿವನಿಯಂತಹ ಊರಿನಿಂದ ನೋಡಿದಾಗ ಚಿತ್ರ ಬೇರೆಯಾಗುತ್ತದೆ. ಬೀರೂರು–ಚಿಕ್ಕಜಾಜೂರು ರೈಲುಮಾರ್ಗದ ಈ ಭಾಗದ ಕನ್ನಡ ಮಾಧ್ಯಮದ ಮಕ್ಕಳು ಕನ್ನಡವನ್ನು 125 ಅಂಕಗಳ ಪ್ರಥಮ ಭಾಷೆಯಾಗಿಯೂ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿಯೂ ಓದಿ ಬಂದವರು. ಫ್ರೆಂಚ್ ಕಲಿಯುವ ಆಸೆ ಅವರಲ್ಲಿ ಹುಟ್ಟಿದರೂ ಅದಕ್ಕೆ ದಾರಿಯಿರುವುದು ಮಹಾನಗರದಲ್ಲಿ. ಅಂದರೆ ಕನ್ನಡವನ್ನು ಬಿಡುವವರಿಗೆ ಫ್ರೆಂಚ್ ಸಿಗುತ್ತದೆ. ಕನ್ನಡವನ್ನು ಬಲ್ಲವರಿಗೆ ಸಿಗುವುದಿಲ್ಲ.

ಇದರಿಂದಾಗುವ ನಷ್ಟ ಕೇವಲ ಸಾಮಾಜಿಕವಾದುದಲ್ಲ, ಸಾಹಿತ್ಯಿಕವೂ ಹೌದು. ಬೋದಿಲೇರನ ಕವಿತೆಗಳು ಪಿ. ಲಂಕೇಶರ ‘ಪಾಪದ ಹೂಗಳು’ ಕೃತಿಯ ಮೂಲಕ ಕನ್ನಡದ ನವ್ಯಕಾವ್ಯದ ಓದುಗರನ್ನು ತಲುಪಿದವು. ಆದರೆ ಫ್ರೆಂಚ್ ಸಾಹಿತ್ಯ ಬಹುಪಾಲು ಇಂಗ್ಲಿಷಿನ ಹೆದ್ದಾರಿಯಲ್ಲಿಯೇ ಕನ್ನಡಕ್ಕೆ ಬಂದಿದೆ. ಮೂಲದ ಲಯ, ಪದಗಳ ಒಳಧ್ವನಿಗಳು ಎರಡು ಬಾರಿ ಸೋಸಿಹೋಗುವ ಈ ಕ್ರಮ ಇನ್ನೆಷ್ಟು ಕಾಲ ಮುಂದುವರಿಯಬೇಕು? ನೇರ ಅನುವಾದಕ್ಕೆ ಎರಡು ಭಾಷೆಗಳೂ ಒಬ್ಬರಲ್ಲಿಯೇ ಕೂಡಬೇಕು. ಈಗಿನ ವ್ಯವಸ್ಥೆಯಾದರೋ ಅವೆರಡನ್ನೂ ಪರಸ್ಪರ ಪರ್ಯಾಯಗಳನ್ನಾಗಿಸಿ ಆ ಕೂಡುವಿಕೆಯನ್ನೇ ತಡೆಯುತ್ತಿದೆ.

ಹೊರರಾಜ್ಯಗಳಿಂದ ಬಂದ ಮಕ್ಕಳಿಗೆ ಆಯ್ಕೆ ಬೇಡವೇ ಎಂಬ ಪ್ರಶ್ನೆ ನ್ಯಾಯವಾದುದೇ. ಆದ್ದರಿಂದ ಫ್ರೆಂಚನ್ನು ನಿಷೇಧಿಸುವುದು ಪರಿಹಾರವಲ್ಲ. ಅಂತಹ ಮಕ್ಕಳಿಗೆ ಪದವಿಪೂರ್ವದಲ್ಲಿ ಪ್ರಾರಂಭಿಕ ಹಂತದ ಕನ್ನಡ ಪತ್ರಿಕೆಯೊಂದು ದೊರೆಯಬೇಕು. ಅಂಕಪಟ್ಟಿಯಲ್ಲಿ ಭಾಷೆಯ ಹೆಸರಿನೊಡನೆ ಹಂತವೂ ನಮೂದಾಗಬೇಕು. ಇನ್ನೊಂದೆಡೆ, ಕುವೆಂಪು ವಿಶ್ವವಿದ್ಯಾಲಯದಂತಹ ಪ್ರಾದೇಶಿಕ ಕೇಂದ್ರಗಳ ಕನ್ನಡ ವಿಭಾಗಗಳು ಕನ್ನಡ ವಿದ್ಯಾರ್ಥಿಗಳಿಗೆಂದೇ ಫ್ರೆಂಚ್ ಸರ್ಟಿಫಿಕೇಟ್ ತರಗತಿಗಳನ್ನು ನಡೆಸುವ ಹೊಣೆ ಹೊರಬೇಕು. ಪಂಪನನ್ನು ಓದಬಲ್ಲ ವಿದ್ಯಾರ್ಥಿ ಬೋದಿಲೇರನನ್ನೂ ಮೂಲದಲ್ಲಿ ಓದುವಂತಾದಾಗ ಮಾತ್ರ ಫ್ರೆಂಚ್ ಕಲಿಕೆ ಕನ್ನಡಕ್ಕೆ ನಷ್ಟವೆನಿಸದೆ ಗಳಿಕೆಯಾದೀತು.